ಗಡಿಯಾಚೆಯ ಕಾರಿನ ಆನ್‌ರೋಡ್ ಬೆಲೆ

ಜರ್ಮನಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಅಗ್ಗ ಎಂಬ ಮಾತು, ಐಂಡ್‌ಹೋವನ್‌ಗೆ ಕೆಲಸಕ್ಕೆ ಬರುವ ಕನ್ನಡಿಗರ ಕಿವಿಗೆ ಬೀಳಲು ಹೆಚ್ಚು ದಿನ ಬೇಕಾಗುವುದಿಲ್ಲ. ಮಾತು ಸುಳ್ಳೂ ಅಲ್ಲ. ನೆದರ್‌ಲೆಂಡ್ಸ್‌ನಲ್ಲಿ ಮಾರಾಟಕ್ಕಿರುವ ಒಂದು ಕಾರನ್ನು ನೋಡಿಟ್ಟುಕೊಂಡು, ಅದೇ ಮಾದರಿ, ಅದೇ ವರ್ಷ, ಹೆಚ್ಚುಕಡಿಮೆ ಅಷ್ಟೇ ಓಡಿರುವ ಇನ್ನೊಂದನ್ನು ಜರ್ಮನಿಯ ಜಾಹೀರಾತುಗಳಲ್ಲಿ ಹುಡುಕಿದರೆ ಎರಡು ಮೂರು ಸಾವಿರ ಯೂರೋ ಕಡಿಮೆಗೆ ಸಿಗುವುದುಂಟು. ವೆನ್ಲೋ ದಾಟಿದರೆ ಜರ್ಮನಿಯೇ. ಹೋಗಿ ತಂದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ.

ಆದರೆ ಆ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ನೆದರ್‌ಲೆಂಡ್ಸ್‌ನಲ್ಲಿ ಕಾರು ಮೊದಲ ಸಲ ನೋಂದಣಿಯಾಗುವಾಗ ಬಿಪಿಎಂ ಎಂಬ ತೆರಿಗೆ ಕಟ್ಟಬೇಕು. 1993ರಿಂದ ಜಾರಿಯಲ್ಲಿರುವ ಈ ತೆರಿಗೆಯನ್ನು ಈಗ ಕಾರು ಉಗುಳುವ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಹಾಕುತ್ತಾರೆ. ಜರ್ಮನಿಯಲ್ಲಿ ಹೀಗೆ ನೋಂದಣಿಗೆ ಒಂದೇ ಗಂಟಾಗಿ ಕಟ್ಟುವ ತೆರಿಗೆ ಇಲ್ಲ, ವರ್ಷವರ್ಷ ಕಟ್ಟುವ ವಾಹನ ತೆರಿಗೆ ಮಾತ್ರ. ಅಂದರೆ ಇಲ್ಲಿನ ಹಳೆಯ ಕಾರಿನ ಬೆಲೆಯೊಳಗೆ ಅದರ ಮೊದಲ ಮಾಲೀಕ ಕಟ್ಟಿದ ಬಿಪಿಎಂನ ಒಂದು ಭಾಗ ಇನ್ನೂ ಉಳಿದಿರುತ್ತದೆ, ಅಲ್ಲಿನ ಕಾರಿನಲ್ಲಿ ಅದು ಇರುವುದೇ ಇಲ್ಲ. ಪುದುಚೇರಿ ನೋಂದಣಿಯ ಕಾರನ್ನು ಬೆಂಗಳೂರಿಗೆ ತಂದು, ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಚೆಗೆ ಹುಬ್ಬಳ್ಳಿ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ಫೋನ್ ಮುಂದೆ ಹಿಡಿದು, 'ಅಲ್ರೀ ಸರ, ಮೂರು ಸಾವಿರ ಕಡಿಮಿ ಐತಲ್ರೀ, ಯಾಕ ಬಿಡಬೇಕು?' ಎಂದರು. ಹೆಂಡತಿ, ಎರಡು ವರ್ಷದ ಮಗು, ಇಲ್ಲಿಗೆ ಬಂದು ಕೂಡಿಟ್ಟ ಮೊದಲ ಉಳಿತಾಯ. ಅವರಿಗೆ ಕಾಗದದ ಮೇಲೆ ಹಾಕಿ ತೋರಿಸಿದ ಲೆಕ್ಕವನ್ನೇ ಇಲ್ಲಿಯೂ ಬರೆಯುತ್ತೇನೆ. ಸಂಖ್ಯೆಗಳು ಸುಲಭವಾಗಿರಲೆಂದು ನಾನು ಇಟ್ಟುಕೊಂಡವು.

ಕಾರು ಹೊಸದಾಗಿದ್ದಾಗ ಅದರ ಬೆಲೆ 30,000 ಯೂರೋ, ಆಗ ಅದಕ್ಕೆ ಬೀಳುತ್ತಿದ್ದ ಪೂರ್ತಿ ಬಿಪಿಎಂ 5,000 ಯೂರೋ ಎನ್ನೋಣ. ಈಗ ನೆದರ್‌ಲೆಂಡ್ಸ್‌ನ ಡೀಲರೊಬ್ಬ ಆ ಕಾರನ್ನು ಕೊಳ್ಳಲು ಕೊಡುವ ಬೆಲೆ 12,000. ಅಂದರೆ ಮೌಲ್ಯ ಶೇ 60ರಷ್ಟು ಇಳಿದಿದೆ. ಬಿಪಿಎಂ ಕೂಡ ಅಷ್ಟೇ ಇಳಿಯುತ್ತದೆ: 5,000ದಲ್ಲಿ ಉಳಿಯುವುದು 2,000. ಜರ್ಮನಿಯಲ್ಲಿ ಕಾರಿನ ಬೆಲೆ 14,000, ಅದರ ಮೇಲೆ ಈ 2,000, ಜೊತೆಗೆ ಎಕ್ಸ್‌ಪೋರ್ಟ್ ಪ್ಲೇಟು, ತಾತ್ಕಾಲಿಕ ವಿಮೆ, ತಪಾಸಣೆ ಶುಲ್ಕ, ಹೊಸ ನಂಬರ್ ಪ್ಲೇಟು, ಓಡಾಟ ಎಲ್ಲ ಸೇರಿ ಐನೂರು. ಒಟ್ಟು 16,500. ಇಲ್ಲೇ ಮನೆ ಹತ್ತಿರ 17,000ಕ್ಕೆ ಸಿಗುವ ಕಾರಿಗೆ ಹೋಲಿಸಿದರೆ ಉಳಿದದ್ದು ಐನೂರು ಯೂರೋ. ಮೂರು ಸಾವಿರ ಎಲ್ಲೂ ಇರಲಿಲ್ಲ. ಊರಿನಲ್ಲಿ ಶೋರೂಮ್ ಬೆಲೆ ಕೇಳಿ ಸುಮ್ಮನಾಗದೆ 'ಆನ್‌ರೋಡ್ ಎಷ್ಟು?' ಎಂದು ಕೇಳುವವರು ನಾವು. ಆ ಪ್ರಶ್ನೆಯನ್ನು ಗಡಿ ದಾಟಿದಾಗಲೂ ಕೇಳಬೇಕು.

ಇದನ್ನು ನೋಡಿ ಗಾಬರಿಯಾಗಬೇಕಿಲ್ಲ. ಹೊರಗಿನ ಕಾರಿಗೆ ಸರ್ಕಾರ ದಂಡದ ಹಾಗೆ ತೆರಿಗೆ ಹಾಕುತ್ತದೆ ಎಂಬ ಭಯ ಹಲವರಲ್ಲಿದೆ. ಯುರೋಪಿನ ಒಕ್ಕೂಟದೊಳಗೆ ಹಾಗೆ ಮಾಡುವಂತಿಲ್ಲ. ಒಳಗೆ ಮಾರಾಟವಾಗುವ ಅಂಥದೇ ಹಳೆಯ ಕಾರಿನಲ್ಲಿ ಎಷ್ಟು ತೆರಿಗೆ ಉಳಿದಿದೆಯೋ ಅದಕ್ಕಿಂತ ಹೆಚ್ಚನ್ನು ಹೊರಗಿಂದ ಬಂದ ಕಾರಿನ ಮೇಲೆ ಹಾಕಕೂಡದು ಎಂಬುದು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಮತ್ತೆ ಮತ್ತೆ ಎತ್ತಿಹಿಡಿದ ಮಾತು. 1990ರಲ್ಲಿ ಡೆನ್ಮಾರ್ಕಿಗೆ, 2007ರಲ್ಲಿ ಪೋಲೆಂಡಿಗೆ, 2011ರಲ್ಲಿ ರೊಮೇನಿಯಾಕ್ಕೆ ಅದು ಇದನ್ನೇ ಹೇಳಿತು. ಪೋಲೆಂಡ್, ರೊಮೇನಿಯಾದ ಪ್ರಕರಣಗಳಲ್ಲಿ ನ್ಯಾಯಾಲಯಕ್ಕೆ ಹೋದವರು ಜರ್ಮನಿಯಿಂದ ಒಂದು ಹಳೆಯ ಕಾರು ತಂದ ಸಾಮಾನ್ಯ ಜನ. ಅವರ ಹಟದಿಂದಾಗಿ ಇವತ್ತು ನನಗೆ, ನಿಮಗೆ ನ್ಯಾಯವಾದ ಲೆಕ್ಕ ಸಿಗುತ್ತಿದೆ. ಅವರ ಮೇಲೆ ನನಗೆ ನಿಜವಾದ ಗೌರವವಿದೆ.

ಆ ಹಕ್ಕನ್ನು ಬಳಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಉಳಿಕೆ ಬಿಪಿಎಂ ಲೆಕ್ಕ ಹಾಕಲು ಮೂರು ದಾರಿಗಳಿವೆ. ಒಂದು, ಕಾರಿನ ವಯಸ್ಸು ನೋಡಿ ಇಷ್ಟು ತಿಂಗಳಿಗೆ ಇಷ್ಟು ಸವಕಳಿ ಎಂದು ಹೇಳುವ ಸರ್ಕಾರಿ ಕೋಷ್ಟಕ. ಎರಡು, ಮಾರುಕಟ್ಟೆ ಬೆಲೆಪಟ್ಟಿ. ಓಡಿದ ಕಿಲೋಮೀಟರ್, ಕಾರಿನಲ್ಲಿರುವ ಸೌಲಭ್ಯ ಎಲ್ಲವನ್ನೂ ಗಣಿಸಿ ಡೀಲರ್ ಕೊಳ್ಳುವ ಬೆಲೆಯನ್ನು ಅದು ಹೇಳುತ್ತದೆ. ಮೂರು, ಪೆಟ್ಟುಬಿದ್ದ ಕಾರಿಗೆ ಅಥವಾ ಪಟ್ಟಿಯಲ್ಲೇ ಇಲ್ಲದ ಅಪರೂಪದ ಕಾರಿಗೆ ಮೌಲ್ಯಮಾಪಕರಿಂದ ವರದಿ. ಕೋಷ್ಟಕ ಸುಲಭ, ಖರ್ಚಿಲ್ಲ, ಅದಕ್ಕೇ ಹೆಚ್ಚಿನವರು ಅದನ್ನೇ ಹಿಡಿಯುತ್ತಾರೆ. ಆದರೆ ಬಹಳ ಕಿಲೋಮೀಟರ್ ಓಡಿರುವ ಕಾರಿಗೆ ಬೆಲೆಪಟ್ಟಿಯ ಲೆಕ್ಕದಲ್ಲಿ ತೆರಿಗೆ ಗಣನೀಯವಾಗಿ ಇಳಿಯಬಹುದು. ಪಟ್ಟಿಯ ವರದಿಗೆ ಸಣ್ಣ ಮೊತ್ತ ಕೊಡಬೇಕಾದರೂ ಕೊಟ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜರ್ಮನಿಯಿಂದ ತಂದ ನನ್ನ ಕಾರಿಗೆ ನಾನು ಬೆಲೆಪಟ್ಟಿಯನ್ನೇ ಆರಿಸಿಕೊಂಡೆ. ಕಾರು ಮೊದಲು ರಸ್ತೆಗಿಳಿದ ಕಾಲದ ತೆರಿಗೆ ದರ ಈಗಿನದಕ್ಕಿಂತ ಕಡಿಮೆಯಿದ್ದರೆ ಅದನ್ನು ಆಧಾರವಾಗಿ ಇಟ್ಟುಕೊಳ್ಳುವ ಅವಕಾಶವೂ ಇದೆ.

ಉಳಿಯುವುದು ಇಷ್ಟೇ ಆದರೆ ನಾನೇಕೆ ಜರ್ಮನಿಗೆ ಹೋದೆ? ಆಯ್ಕೆಗೆ. ಜರ್ಮನಿಯಲ್ಲಿ ನಾಲ್ಕೂಮುಕ್ಕಾಲು ಕೋಟಿಗೂ ಹೆಚ್ಚು ಕಾರುಗಳಿವೆ, ನೆದರ್‌ಲೆಂಡ್ಸ್‌ನಲ್ಲಿ ತೊಂಬತ್ತು ಲಕ್ಷದ ಆಸುಪಾಸು. ನನಗೆ ಬೇಕಿದ್ದದ್ದು ದೊಡ್ಡ ಡಿಕ್ಕಿಯ, ಆಟೊಮ್ಯಾಟಿಕ್ ಗೇರಿನ ಪೆಟ್ರೋಲ್ ಸ್ಟೇಷನ್ ವ್ಯಾಗನ್, ಒಬ್ಬರೇ ಮಾಲೀಕರ ಕೈಯಲ್ಲಿದ್ದದ್ದು, ಸರ್ವಿಸ್ ದಾಖಲೆ ಪೂರ್ತಿ ಇರುವಂಥದ್ದು. ಅದೇ ದುಡ್ಡಿಗೆ ಇಲ್ಲಿ ಸಿಗುತ್ತಿದ್ದವು ಬೇಸ್ ಮಾಡೆಲ್‌ಗಳು. ಅಲ್ಲಿ ಬಿಸಿಯಾಗುವ ಸೀಟು, ಹಿಂಬದಿ ಕ್ಯಾಮೆರಾ, ಒಳ್ಳೆಯ ದೀಪ ಇರುವವೇ ಸಾಲಾಗಿ ಸಿಕ್ಕವು. ನನ್ನ ಪ್ರಕಾರ ಗಡಿ ದಾಟುವುದಕ್ಕೆ ಸರಿಯಾದ ಕಾರಣ ಇದೊಂದೇ. ಹಣ ಉಳಿಸುವುದೇ ಗುರಿಯಾದರೆ, ಇಲ್ಲೇ ನಂಬಿಕಸ್ಥ ಗ್ಯಾರೇಜಿನಲ್ಲಿ ವಾರಂಟಿಯ ಸಮೇತ ಕೊಳ್ಳುವುದು ಮೇಲು.

ಆಯ್ಕೆಯ ಜೊತೆಗೆ ಅಪಾಯವೂ ಹೆಚ್ಚುತ್ತದೆ ಎಂಬುದನ್ನು ಮುಚ್ಚಿಡಬಾರದು. ನೆದರ್‌ಲೆಂಡ್ಸ್‌ನಲ್ಲಿ ಕಾರುಗಳ ಕಿಲೋಮೀಟರ್ ಓದಿಕೆಯನ್ನು ಸಾರಿಗೆ ಪ್ರಾಧಿಕಾರ ಆರ್‌ಡಿಡಬ್ಲ್ಯು ದಾಖಲಿಸಿಡುತ್ತದೆ. ಬೆಲ್ಜಿಯಂನಲ್ಲಿ ಕಾರ್‌ಪಾಸ್ ಎಂಬ ಪತ್ರವಿಲ್ಲದೆ ಹಳೆಯ ಕಾರು ಮಾರುವಂತಿಲ್ಲ. ಜರ್ಮನಿಯಲ್ಲಿ ಮೀಟರ್ ತಿರುಚುವುದು 2005ರಿಂದ ಅಪರಾಧ, ಆದರೆ ಎಲ್ಲ ಓದಿಕೆಗಳನ್ನೂ ಒಂದೆಡೆ ತೋರಿಸುವ ಅಂಥ ಸರ್ಕಾರಿ ದಾಖಲೆ ಅಲ್ಲಿಲ್ಲ. ಹಾಗಾಗಿ ಕಾಗದಗಳೇ ಸಾಕ್ಷಿ ಹೇಳಬೇಕು. ಅಲ್ಲಿ ಖಾಸಗಿ ಕಾರಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ನಡೆಯುತ್ತದೆ, ಆ ವರದಿಯಲ್ಲಿ ಅವತ್ತಿನ ಕಿಲೋಮೀಟರ್ ಇರುತ್ತದೆ. ಹಳೆಯ ವರದಿಗಳನ್ನೂ ಸರ್ವಿಸ್ ಬಿಲ್ಲುಗಳನ್ನೂ ಮೇಜಿನ ಮೇಲೆ ತಾರೀಖಿನ ಪ್ರಕಾರ ಹರಡಿ, ಸಂಖ್ಯೆ ಕ್ರಮವಾಗಿ ಏರುತ್ತಿದೆಯೇ ಎಂದು ನೋಡಿದರೆ ಕತೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಗದ ಕೊಡಲು ಹಿಂದೆಮುಂದೆ ನೋಡುವವನ ಕಾರು ಎಷ್ಟೇ ಹೊಳೆಯುತ್ತಿರಲಿ, ಬೇಡ.

ಕರಾರುಪತ್ರದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗಡಿಯಾಚೆಯ ಒಂದು ಊರಿನ ಡೀಲರ್ ಹತ್ತಿರ ನನಗೊಂದು ಕಾರು ಚೆನ್ನಾಗಿ ಒಪ್ಪಿಗೆಯಾಗಿತ್ತು. ಬೆಲೆ ಮಾತಾಡಿ ಆಗಿತ್ತು, ಕಾಫಿಯೂ ಬಂದಿತ್ತು. ಅಚ್ಚಾದ ಎರಡು ಹಾಳೆಯ ಕರಾರಿನ ಕೆಳಗೆ, ಕೊಳ್ಳುವವನ ಸಹಿಗೆ ತುಸು ಮೇಲೆ, ಸಣ್ಣ ಚೌಕದಲ್ಲಿ ಟಿಕ್ ಹಾಕಿಟ್ಟಿದ್ದರು: ಕೊಳ್ಳುವವರು 'ಗೆವೆರ್ಬೆ', ಅಂದರೆ ವ್ಯಾಪಾರಿ. ರಫ್ತಿಗೆ ಹೋಗುವ ಕಾರಿಗೆಲ್ಲ ಹೀಗೇ ಮಾಡುವುದು ಎಂದರು. ವಿಷಯ ಸಣ್ಣದಲ್ಲ. ಜರ್ಮನಿಯಲ್ಲಿ ಡೀಲರ್ ಸಾಮಾನ್ಯ ಗ್ರಾಹಕನಿಗೆ ಹಳೆಯ ಕಾರು ಮಾರಿದರೆ, ಮಾರುವಾಗಲೇ ಇದ್ದ ದೋಷಗಳಿಗೆ ಕಡಿಮೆಯೆಂದರೂ ಒಂದು ವರ್ಷ ಕಾನೂನಿನ ಪ್ರಕಾರ ಹೊಣೆಯಾಗುತ್ತಾನೆ. ಕೊಂಡವನು ವ್ಯಾಪಾರಿಯಾದರೆ ಆ ಹೊಣೆಯನ್ನು ಕರಾರಿನಲ್ಲೇ ತೆಗೆದುಹಾಕಬಹುದು. ಆ ಟಿಕ್ ತೆಗೆಯಿರಿ ಎಂದೆ. ಆಗುವುದಿಲ್ಲ ಎಂದರು. ಪೆನ್ನು ಕೆಳಗಿಟ್ಟು ಹೊರಟೆ. ಹೆಂಡತಿಗೆ ಆ ಕಾರಿನ ಬಣ್ಣ ಬಹಳ ಹಿಡಿಸಿತ್ತು, ದಾರಿಯುದ್ದಕ್ಕೂ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಈಗಲೂ ಆ ನಿರ್ಧಾರವೇ ಸರಿ ಎನ್ನುತ್ತೇನೆ. 'ಗ್ರಾಹಕರ ಪರವಾಗಿ ಮಾರಾಟ' ಎಂದು ಬರೆದು, ಡೀಲರ್ ಬರೀ ಮಧ್ಯವರ್ತಿಯಾಗಿ ನಿಲ್ಲುವುದೂ ಅದೇ ಜಾಣತನ. ಜರ್ಮನ್ ಓದಲು ಬಾರದಿದ್ದರೆ ಸಹಿಗೆ ಮುಂಚೆ ಒಂದು ಪ್ರತಿ ತರಿಸಿಕೊಂಡು ಗೊತ್ತಿರುವವರಿಗೆ ತೋರಿಸಿ.

ಕೊನೆಗೆ ಕೊಂಡ ಕಾರು ಮೊನ್‌ಷೆನ್‌ಗ್ಲಾಡ್‌ಬಾಖ್ ಕಡೆಯದು. ಹಣವನ್ನು ಮುಂಗಡವಾಗಿ ಕಳಿಸದೆ, ಕಾರು ಓಡಿಸಿ ನೋಡಿ, ಷಾಸಿ ನಂಬರಿನ ಹದಿನೇಳೂ ಅಕ್ಷರಗಳನ್ನು ಕಾಗದದೊಂದಿಗೆ ತಾಳೆ ನೋಡಿ, ಅಲ್ಲೇ ನಿಂತು ಬ್ಯಾಂಕಿನಿಂದ ವರ್ಗಾಯಿಸಿದೆ. ನೋಂದಣಿ ಪತ್ರದ ಎರಡು ಭಾಗಗಳೂ ಮೂಲಪ್ರತಿಯಾಗಿ ಕೈಗೆ ಬರಬೇಕು. ಎರಡನೆಯದನ್ನು, 'ಬ್ರೀಫ್' ಎನ್ನುತ್ತಾರೆ, ಸಾಲವಿದ್ದರೆ ಬ್ಯಾಂಕು ಇಟ್ಟುಕೊಂಡಿರುತ್ತದೆ. 'ಆಮೇಲೆ ಅಂಚೆಯಲ್ಲಿ ಕಳಿಸುತ್ತೇನೆ' ಎಂದರೆ ದುಡ್ಡನ್ನೂ ಆಮೇಲೆ ಕೊಡಿ.

ಎಕ್ಸ್‌ಪೋರ್ಟ್ ಪ್ಲೇಟಿಗಾಗಿ ಹೋದ ಅಲ್ಲಿನ ನೋಂದಣಿ ಕಚೇರಿ ನನಗೆ ನೆನಪಿನಲ್ಲಿ ಉಳಿದಿದೆ. ಟೋಕನ್ ಹಿಡಿದು ಕಾದು, ಒಳಗೆ ನಂಬರು ಗೊತ್ತಾದ ಮೇಲೆ ಹೊರಗೆ ಬಂದರೆ ಪಕ್ಕದಲ್ಲೇ ನಂಬರ್ ಪ್ಲೇಟ್ ಒತ್ತುವ ಅಂಗಡಿ. ಅಲ್ಯುಮಿನಿಯಂ ತಗಡನ್ನು ಯಂತ್ರಕ್ಕೆ ಕೊಟ್ಟು, ಉಬ್ಬಿದ ಅಕ್ಷರಗಳ ಮೇಲೆ ಕಪ್ಪು ಬಣ್ಣ ಹಾಯಿಸಿ ಕೊಡಲು ಕೆಲವೇ ನಿಮಿಷ. ಇನ್ನೂ ಬೆಚ್ಚಗಿದ್ದ ಪ್ಲೇಟನ್ನು ಮತ್ತೆ ಒಳಗೊಯ್ದರೆ ಅಧಿಕಾರಿ ಮುದ್ರೆ ಅಂಟಿಸಿ ಕೊಟ್ಟರು. ಎಕ್ಸ್‌ಪೋರ್ಟ್ ಪ್ಲೇಟಿನ ಬಲತುದಿಯಲ್ಲಿ ಕೆಂಪು ಪಟ್ಟಿ, ಅದರಲ್ಲಿ ಅವಧಿ ಮುಗಿಯುವ ದಿನ, ತಿಂಗಳು, ವರ್ಷ. ಇದಕ್ಕೆ ಅವಧಿ ಮುಗಿಯದ ತಪಾಸಣೆ ಪತ್ರವೂ ವಿಮೆಯೂ ಬೇಕು, ಹಾಗಾಗಿ ಕಾರು ಗೊತ್ತುಮಾಡುವಾಗಲೇ ತಪಾಸಣೆ ಯಾವಾಗಿನವರೆಗೆ ಇದೆ ಎಂದು ಕೇಳಿಡಿ.

ಈಚೆ ಬಂದ ಮೇಲಿನ ದಾರಿ ನೇರವಾಗಿದೆ. ಇಲ್ಲಿ ವಾಸಿಸುವವರು ಹೊರದೇಶದ ಪ್ಲೇಟಿನ ಕಾರನ್ನು ಸುಮ್ಮನೆ ಓಡಿಸುವಂತಿಲ್ಲ. ಮೊದಲೇ ತೆರಿಗೆ ಇಲಾಖೆಗೆ ತಿಳಿಸಿದರೆ ಎರಡು ವಾರದ ವಿನಾಯಿತಿ ಸಿಗುತ್ತದೆ. ಆರ್‌ಡಿಡಬ್ಲ್ಯು ತಪಾಸಣೆಗೆ ಸಮಯ ಗೊತ್ತುಮಾಡಿಕೊಂಡು ಕಾರನ್ನೂ ಮೂಲ ಕಾಗದಗಳನ್ನೂ ಒಯ್ಯಬೇಕು, ಕಾಗದಗಳನ್ನು ಅವರು ಇಟ್ಟುಕೊಳ್ಳುತ್ತಾರೆ. ಆಮೇಲೆ ಬಿಪಿಎಂ ಘೋಷಣೆ, ಪಾವತಿ, ಅಂಚೆಯಲ್ಲಿ ನೋಂದಣಿ ಕಾರ್ಡು, ಹಳದಿ ಪ್ಲೇಟು. ಹೆಸರಿಗೆ ನೋಂದಣಿಯಾದ ದಿನದಿಂದಲೇ ವಿಮೆ ಇರಬೇಕು, ರಸ್ತೆ ತೆರಿಗೆಯೂ ಆವತ್ತಿನಿಂದಲೇ ಶುರು. ಈ ರಸ್ತೆ ತೆರಿಗೆ ಕಾರಿನ ತೂಕ, ಇಂಧನ, ನೀವಿರುವ ಪ್ರಾಂತ್ಯ ನೋಡಿ ನಿಗದಿಯಾಗುತ್ತದೆ. ಜರ್ಮನಿಯಲ್ಲಿ ಆಸೆ ಹುಟ್ಟಿಸುವ ಬೆಲೆಗೆ ಸಿಗುವ ಡೀಸೆಲ್ ಕಾರಿಗೆ ಇಲ್ಲಿ ಪೆಟ್ರೋಲಿಗಿಂತ ಬಹಳ ಹೆಚ್ಚು ಕಟ್ಟಬೇಕು. ಹೊಗೆಯ ಕಣ ಹೆಚ್ಚು ಬಿಡುವ ಹಳೆಯ ಡೀಸೆಲ್‌ಗೆ 2020ರಿಂದ ಅದರ ಮೇಲೂ ಶೇ 15 ಹೆಚ್ಚುವರಿ. ಕೊಳ್ಳುವ ಮುನ್ನ ಐದು ವರ್ಷದ ರಸ್ತೆ ತೆರಿಗೆಯನ್ನೂ ಕೂಡಿಸಿ ನೋಡಿ.

'ಹೆಚ್ಚುಕಡಿಮೆ ಹೊಸದು' ಎಂಬ ಕಾರುಗಳ ವಿಷಯದಲ್ಲಿ ನನ್ನ ಸಹೋದ್ಯೋಗಿಗೆ ಒತ್ತಿ ಹೇಳಿದ್ದನ್ನು ಇಲ್ಲಿಯೂ ಹೇಳಲೇಬೇಕು. ಮೊದಲು ರಸ್ತೆಗಿಳಿದು ಆರು ತಿಂಗಳು ಮೀರದ ಅಥವಾ 6,000 ಕಿಲೋಮೀಟರ್‌ಗಿಂತ ಹೆಚ್ಚು ಓಡದ ಕಾರು, ವ್ಯಾಟ್ ಲೆಕ್ಕದಲ್ಲಿ ಹೊಸ ಕಾರೇ. ಎರಡರಲ್ಲಿ ಒಂದಿದ್ದರೂ ಸಾಕು. ಅದಕ್ಕೆ ನೆದರ್‌ಲೆಂಡ್ಸ್‌ನ ಶೇ 21 ವ್ಯಾಟನ್ನು ಇಲ್ಲೇ ಕಟ್ಟಬೇಕು. ಜರ್ಮನಿಯ ಶೇ 19 ಸೇರಿಸಿದ ಬೆಲೆಗೇ ಕೊಂಡು ತಂದರೆ ಎರಡು ಕಡೆ ತೆರಿಗೆ ತೆತ್ತಂತೆ. ವರ್ಷವಾದರೂ ನಾಲ್ಕೈದು ಸಾವಿರ ಮಾತ್ರ ಓಡಿದ, ಅಜ್ಜ ಅಜ್ಜಿ ಜೋಪಾನ ಮಾಡಿದ ಕಾರು ಕೂಡ ಇದರಲ್ಲೇ ಸಿಕ್ಕಿಬೀಳುತ್ತದೆ.

ಜರ್ಮನಿಯಲ್ಲೇ ನೆಲೆಸಿದ್ದು ಈಗ ಕೆಲಸ ಬದಲಿಸಿ ಈಚೆಗೆ ಬರುವವರ ಪರಿಸ್ಥಿತಿ ಬೇರೆ. ಕಾರು ಕನಿಷ್ಠ ಆರು ತಿಂಗಳಿಂದ ಅವರದಾಗಿದ್ದು, ಅವರೇ ಬಳಸುತ್ತಿದ್ದರೆ, ಮನೆ ಸಾಮಾನಿನ ಜೊತೆ ಬಂದದ್ದೆಂದು ಬಿಪಿಎಂ ವಿನಾಯಿತಿ ಕೇಳಬಹುದು. ಸಿಕ್ಕ ಮೇಲೆ ಒಂದು ವರ್ಷ ಅದನ್ನು ಮಾರುವಂತಿಲ್ಲ. ಡುಸೆಲ್‌ಡಾರ್ಫ್‌ನಿಂದ ಐಂಡ್‌ಹೋವನ್‌ಗೆ ಬರುವ ಗೆಳೆಯರು ಹೊರಡುವ ಮುಂಚೆ 'ಒಂದು ಹೊಸ ಕಾರು ಕೊಂಡೇ ಬರೋಣ' ಎಂದು ಹೊರಟರೆ ಈ ಆರು ತಿಂಗಳ ಷರತ್ತನ್ನು ನೆನಪಿಸಿ.

ಊರಿಗೆ ಮರಳುವಾಗ ಕಾರನ್ನೂ ಒಯ್ಯಬಹುದೇ ಎಂದು ಕೇಳುವವರಿದ್ದಾರೆ. ಭಾರತಕ್ಕೆ ತರುವ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು, ಮೇಲೆ ಭಾರಿ ಸುಂಕ. ಇಲ್ಲಿನ ಎಡ ಸ್ಟಿಯರಿಂಗಿನ ಕಾರಿಗೆ ಆ ದಾರಿಯೇ ಇಲ್ಲ, ಇಲ್ಲೇ ಮಾರಬೇಕು. ಆಗ ಒಂದು ವಿಷಯ ತಿಳಿದಿರಲಿ: ನೆದರ್‌ಲೆಂಡ್ಸ್‌ನಲ್ಲಿ 2006ರ ಅಕ್ಟೋಬರ್ 16ರ ನಂತರ ನೋಂದಣಿಯಾದ ಕಾರು ಒಕ್ಕೂಟದ ಬೇರೆ ದೇಶಕ್ಕೆ ಹೋಗಿ ಅಲ್ಲಿ ನೋಂದಣಿಯಾದರೆ, ಅದರಲ್ಲಿ ಉಳಿದ ಬಿಪಿಎಂ ವಾಪಸ್ ಸಿಗುತ್ತದೆ. ರಫ್ತಿಗೆಂದೇ ಕೊಳ್ಳುವ ಡೀಲರ್ ಇದನ್ನು ಚೆನ್ನಾಗಿ ಬಲ್ಲ. ಬೆಲೆ ಮಾತಾಡುವಾಗ ಆ ಮೊತ್ತ ಯಾರ ಪಾಲಿಗೆ ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ.