ಅಂಗಳದ ಅಲಂಕಾರಿಕ ಹುಲ್ಲು ಎರೆ ಹೊಲಕ್ಕೆ ಇಳಿದರೆ

ಮನೆಯಂಗಳ, ತೋಟದ ಮನೆ, ಕಲ್ಯಾಣ ಮಂಟಪಗಳ ಮುಂದೆ ಅಂದಕ್ಕೆಂದು ಬೆಳೆಸುವ ಹುಲ್ಲಿನಲ್ಲಿ ಮುಖ್ಯವಾಗಿ ಎರಡು ಬಗೆ. ನೆಲಕ್ಕೆ ಹಾಸಿ ಹಬ್ಬುವ ಲಾನ್ ಹುಲ್ಲು ಒಂದು. ಪೊದೆಯಾಗಿ ಬೆಳೆದು ಗರಿಯಂಥ ತೆನೆ ಬಿಡುವ ಫೌಂಟನ್ ಗ್ರಾಸ್, ಪಂಪಾಸ್ ಗ್ರಾಸ್ ಇನ್ನೊಂದು. ಮೊದಲನೆಯದು ಬೇರು, ಕುಡಿಗಳಿಂದ ಬೇಲಿ ದಾಟುತ್ತದೆ, ಎರಡನೆಯದು ಬೀಜದಿಂದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ರೈತರಿಗೆ ಮೊದಲನೆಯದರ ಕಾಟ ಹೊಸದಲ್ಲ.

ಲಾನ್‌ಗೆ ಹಾಕುವ ಬರ್ಮುಡಾ ಹುಲ್ಲೆಂದರೆ ಗಣಪತಿಗೆ ಏರಿಸುವ ಕರಕಿಯೇ, ಇಲ್ಲವೇ ಅದರ ಸಂಕರ ತಳಿ. ಇದರ ಬೇರುಕಾಂಡ ಎರೆ ಮಣ್ಣಿನ ಆಳಕ್ಕೆ ಇಳಿದು, ಹಿಂಗಾರಿ ಜೋಳ ಮತ್ತು ಕಡಲೆ ನೆಚ್ಚಿಕೊಂಡ ಹಸಿಯನ್ನೇ ಹೀರುತ್ತದೆ. ಕುಂಟೆ ಹೊಡೆದರೆ ಸಾಯುವುದಿಲ್ಲ. ತುಂಡಾಗಿ ಹೊಲದ ತುಂಬ ಹರಡುತ್ತದೆ, ಗೆಣ್ಣಿರುವ ಪ್ರತಿ ತುಂಡೂ ಚಿಗುರುತ್ತದೆ. ಸುಗ್ಗಿ ಮುಗಿದ ಮೇಲೆ ಆಳವಾಗಿ ನೇಗಿಲು ಹೊಡೆಸಿ, ಹೆಂಟೆಗಳನ್ನು ಬೇಸಿಗೆಯ ಬಿಸಿಲಿಗೆ ಒಡ್ಡಿ, ಮೇಲೆ ಬಂದ ಬೇರುಗಳನ್ನು ಆರಿಸಿ ಸುಡುವುದು ಇಂದಿಗೂ ನಂಬಬಹುದಾದ ಉಪಾಯ. ಅಂಗಳದ ಕರಕಿ ಹೊಲ ಸೇರುವ ದಾರಿ ಸಾಮಾನ್ಯವಾಗಿ ತಿಪ್ಪೆ. ಲಾನ್ ಅಂಚು ಕತ್ತರಿಸಿದ ಕಸ ತಿಪ್ಪೆಗೆ ಬೀಳುತ್ತದೆ, ಅರೆ ಕೊಳೆತ ಗೊಬ್ಬರದ ಜೊತೆ ಬಂಡಿಯೇರಿ ಹೊಲಕ್ಕೆ ಹೋಗುತ್ತದೆ. ಆ ಕಸವನ್ನು ಫರಸಿ ಕಲ್ಲಿನ ಮೇಲೆ ಪೂರ್ತಿ ಒಣಗಿಸಿಯೇ ತಿಪ್ಪೆಗೆ ಹಾಕಬೇಕು.

ಫೌಂಟನ್ ಗ್ರಾಸ್ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಬಹುವಾರ್ಷಿಕ ಹುಲ್ಲು, ಸಜ್ಜೆಯ ಹತ್ತಿರದ ಸಂಬಂಧಿ. ಸಜ್ಜೆ ಬರುವ ನೆಲ ಇದಕ್ಕೂ ಒಗ್ಗುತ್ತದೆ ಎಂಬುದೇ ಇಲ್ಲಿನ ಚಿಂತೆ. ನಯವಾದ ಕೂದಲುಳ್ಳ ಇದರ ಬೀಜ ಗಾಳಿ, ನೀರು, ವಾಹನಗಳ ಜೊತೆ ಸಾಗುತ್ತದೆ. ಹವಾಯಿ ದ್ವೀಪಗಳಲ್ಲಿ ತೋಟದಿಂದ ತಪ್ಪಿಸಿಕೊಂಡ ಇದು ಬಯಲುಗಳನ್ನು ಆವರಿಸಿ, ಒಣಗಿದಾಗ ಬೆಂಕಿಗೆ ಮೇವಾಯಿತು. ಸುಟ್ಟ ಮೇಲೆ ಬುಡದಿಂದ ಬೇಗ ಚಿಗುರುವುದು ಇದೇ. ಸ್ಥಳೀಯ ಗಿಡಗಳು ಹಿಂದೆ ಬೀಳುತ್ತವೆ. ಐರೋಪ್ಯ ಒಕ್ಕೂಟ 2017ರಲ್ಲಿ ಇದನ್ನು ನಿಷೇಧಿತ ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಬೇಸಿಗೆಯಲ್ಲಿ ಒಡ್ಡಿನ ಹುಲ್ಲಿಗೆ ಬೆಂಕಿ ಇಡುವ ರೂಢಿ ಇರುವಲ್ಲಿ ಇಂಥ ಹುಲ್ಲು ನೆಲೆಯೂರಿದರೆ ಒಡ್ಡಿನ ಬೇವು, ಜಾಲಿಯ ಸಸಿಗಳು ಉಳಿಯುವುದು ಕಷ್ಟ. ದನಗಳಿಗೂ ಒರಟಾದ ಈ ಒಣಹುಲ್ಲು ಒಳ್ಳೆಯ ಮೇವಲ್ಲ.

ದಕ್ಷಿಣ ಅಮೆರಿಕದ ಪಂಪಾಸ್ ಗ್ರಾಸ್‌ನ ಒಂದೊಂದು ತೆನೆಯಲ್ಲೂ ಸಾವಿರಾರು ಹಗುರ ಬೀಜ. ನ್ಯೂಜಿಲೆಂಡ್ ಅದರ ಮಾರಾಟವನ್ನೇ ನಿಲ್ಲಿಸಿದೆ.

ನೀರಾವರಿ ಈ ಅಪಾಯವನ್ನು ಹಿಗ್ಗಿಸುತ್ತದೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆಗಳೂ ಇಂಡಿ ಶಾಖಾ ಕಾಲುವೆಯೂ ಊರಿಂದೂರಿಗೆ ನೀರಿನ ಜೊತೆ ಬೀಜವನ್ನೂ ಒಯ್ಯಬಲ್ಲವು. ಕಾಲುವೆ ಏರಿಯ ತೇವದಲ್ಲಿ ಮೊಳಕೆಗೆ ಕೊರತೆಯಿಲ್ಲ. ಹೂವಿನ ಚೆಂದಕ್ಕೆಂದು ದೇಶಕ್ಕೆ ಬಂದ ಅಂತರಗಂಗೆ ಕೆರೆ, ನದಿಗಳನ್ನು ಮುಚ್ಚಿದ್ದು ನೀರಿನ ದಾರಿಯಲ್ಲೇ.

ಹಾಗೆಂದು ಅಲಂಕಾರಿಕ ಹುಲ್ಲೆಲ್ಲ ಕೆಟ್ಟದ್ದಲ್ಲ. ನರ್ಸರಿಗಳಲ್ಲಿ ಸಿಗುವ ಕೆಂಪು ಎಲೆಯ ಫೌಂಟನ್ ತಳಿ ಬೀಜ ಕಟ್ಟುವುದು ತೀರಾ ಕಡಿಮೆ. ಹಸಿರೆಲೆಯದನ್ನು ಬಿಡುವುದೇ ಲೇಸು. ಪೊದೆಯ ಅಂದವೇ ಬೇಕಿದ್ದರೆ ಲಾವಂಚವಿದೆ. ದಕ್ಷಿಣ ಭಾರತದಲ್ಲಿ ಬೇಸಾಯ ಮಾಡುವ ಲಾವಂಚ ಬೀಜದಿಂದ ಹರಡುವುದಿಲ್ಲ, ಬುಡ ಸೀಳಿ ನೆಡಬೇಕು. ಒಡ್ಡಿನ ಮೇಲೆ ಸಾಲಾಗಿ ನೆಟ್ಟರೆ ಮಣ್ಣನ್ನೂ ಹಿಡಿಯುತ್ತದೆ. ಮಜ್ಜಿಗೆ ಹುಲ್ಲೂ ಅಂಗಳಕ್ಕೆ ಒಪ್ಪುತ್ತದೆ, ಚಹಾಕ್ಕೂ ಒದಗುತ್ತದೆ.

ಈಗಾಗಲೇ ಹಸಿರು ಫೌಂಟನ್ ಅಥವಾ ಪಂಪಾಸ್ ನೆಟ್ಟವರು ತೆನೆ ಬಲಿಯುವ ಮೊದಲೇ ಕತ್ತರಿಸಿ ಚೀಲಕ್ಕೆ ತುಂಬಬೇಕು, ತಿಪ್ಪೆಗಾಗಲಿ ಕಾಲುವೆಗಾಗಲಿ ಎಸೆಯಬಾರದು. ಮಳೆ ಬಿದ್ದು ನೆಲ ಮೆತ್ತಗಾದಾಗ ಪೊದೆಯನ್ನು ಬುಡಸಮೇತ ಅಗೆದು ತೆಗೆಯುವುದು ಸುಲಭ. ಫೌಂಟನ್ ಗ್ರಾಸ್‌ನ ಬೀಜ ಮಣ್ಣಿನಲ್ಲಿ ಆರೇಳು ವರ್ಷ ಜೀವ ಹಿಡಿದಿರಬಲ್ಲದು. ಆದ್ದರಿಂದ ಪೊದೆ ತೆಗೆದ ಜಾಗದಲ್ಲೂ ಪಕ್ಕದ ಒಡ್ಡಿನಲ್ಲೂ ಅಷ್ಟು ವರ್ಷ ಪ್ರತಿ ಮಳೆಗಾಲ ಸಸಿ ಹುಡುಕಿ, ತೆನೆ ಬರುವ ಮುನ್ನ ಕೀಳಬೇಕು.