ಅಪಾಯ ಕಳೆದರೂ ಅಂಜಿಕೆ ಉಳಿದರೆ

ಸೊರಬ ತಾಲ್ಲೂಕಿನ ಉಳವಿ ಹೋಬಳಿಯ ದಂಪತಿಗಳಿಗೆ ಮಂಗನ ಕಾಯಿಲೆಯ ಹೆಸರು ಹೊಸದಲ್ಲ. ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನ ಪರಿಸರದಲ್ಲಿ 1957ರಲ್ಲಿ ಅದನ್ನು ಮೊದಲು ಗುರುತಿಸಲಾಯಿತು. ಉಣುಗಿನ ಕಡಿತದಿಂದ ಅದು ಬರುವುದೆಂದು ತಿಳಿದ ಮೇಲೆಯೇ ಕಾಡಿಗೆ ಹೋಗುವವರು ವಹಿಸಬೇಕಾದ ಎಚ್ಚರಿಕೆಯೂ ತಿಳಿಯಿತು. ಮನಸ್ಸಿನ ಬೇನೆಗೂ ಈ ಮಾತು ಸಲ್ಲುತ್ತದೆ. ಬೇನೆಯನ್ನು ಬೇನೆಯೆಂದು ಅರಿತಾಗಲೇ ಚಿಕಿತ್ಸೆಯ ದಾರಿ ತೆರೆಯುತ್ತದೆ.

ಲಕ್ಷಣಗಳು

ಸೇನೆಯಿಂದ ಊರಿಗೆ ಮರಳಿದ ಯೋಧ, ಅಡಿಕೆ ಮರದಿಂದ ಬಿದ್ದು ಬದುಕಿದ ಕೊನೆಗಾರ, ಹೆತ್ತ ಮಗುವನ್ನು ಕಳೆದುಕೊಂಡ ತಾಯಿ, ಇಂಥವರಲ್ಲಿ ಕೆಲವರಿಗೆ ಅಪಾಯ ಕಳೆದರೂ ಅದರ ನೆನಪು ಬಿಡುವುದಿಲ್ಲ. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಸಿಡುಕು, ಆ ಸ್ಥಳದಿಂದ ದೂರ ಸರಿಯುವುದು ಇದರ ಲಕ್ಷಣಗಳು. ಇವು ಒಂದು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ವೈದ್ಯರನ್ನು ಕಾಣಬೇಕು. ಎರಡು ವಾರ ಬಿಡದೆ ಕಾಡುವ ಬೇಸರ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಖಿನ್ನತೆಯ ಸೂಚನೆಯಾಗಿರಬಹುದು. ಇದು ಹೇಡಿತನವಲ್ಲ, ಸೋಮಾರಿತನವೂ ಅಲ್ಲ.

ಒಬ್ಬ ಸೇನಾವೈದ್ಯರ ಕ್ರಮ

ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಆಂಗ್ಲ ವೈದ್ಯರು 1901-02ರಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿ ತೋಡರ ಜೀವನವನ್ನು ಅಭ್ಯಸಿಸಿದವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ಸ್ಕಾಟ್ಲೆಂಡಿನ ಕ್ರೆಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾವೈದ್ಯರಾಗಿ, ಮನಸ್ಸು ಘಾಸಿಗೊಂಡ ಅಧಿಕಾರಿಗಳಿಗೆ ಚಿಕಿತ್ಸೆ ನೀಡಿದರು. "ನಡೆದುದನ್ನು ಮರೆತುಬಿಡು" ಎಂಬ ಬುದ್ಧಿವಾದ ಆಗ ಸಾಮಾನ್ಯವಾಗಿತ್ತು. ಹಗಲೆಲ್ಲ ಅದುಮಿಟ್ಟ ನೆನಪು ರಾತ್ರಿ ಕನಸಾಗಿ ಬಂದು ಪೀಡಿಸುವುದನ್ನು ರಿವರ್ಸ್ ಕಂಡರು. ಸಿಡಿಗುಂಡಿಗೆ ಸಿಕ್ಕು ಛಿದ್ರವಾಗಿದ್ದ ಗೆಳೆಯನ ದೇಹವನ್ನು ಕಂಡಿದ್ದ ಒಬ್ಬ ಅಧಿಕಾರಿಯು ನಿದ್ರೆಗೆಟ್ಟಿದ್ದನು. ಆ ಸ್ಥಿತಿಯೇ ಗೆಳೆಯನು ನರಳದೆ ತಕ್ಷಣ ಮಡಿದನೆಂಬುದಕ್ಕೆ ಸಾಕ್ಷಿಯೆಂದು ರಿವರ್ಸ್ ತಿಳಿಸಿಕೊಟ್ಟರು. ಮುಂದೆ ಗೆಳೆಯನು ಕನಸಿನಲ್ಲಿ ಕಂಡಾಗ ಉಂಟಾದುದು ಭೀತಿಯಲ್ಲ, ದುಃಖ. ದುಃಖವನ್ನು ಮನುಷ್ಯನು ತಾಳಬಲ್ಲನು.

ಸದಾ ಅದನ್ನೇ ಮೆಲುಕು ಹಾಕುವುದೂ ಸಲ್ಲದೆಂಬುದು ಅವರ ಅಭಿಪ್ರಾಯವಾಗಿತ್ತು. ಇಂದಿನ ಚಿಕಿತ್ಸೆಯಲ್ಲಿಯೂ ತರಬೇತಿ ಪಡೆದವರ ಸಹಾಯದಿಂದ, ರೋಗಿಯ ಒಪ್ಪಿಗೆಯೊಡನೆ, ಆ ನೆನಪನ್ನು ಹಂತ ಹಂತವಾಗಿ ಎದುರಿಸಲಾಗುತ್ತದೆ. ಅಗತ್ಯವಿದ್ದರೆ ಔಷಧಿಯನ್ನೂ ಕೊಡಲಾಗುತ್ತದೆ. ಈ ಆಘಾತದ ಬೇನೆಯನ್ನು 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಪಟ್ಟಿಗೆ ಸೇರಿಸಿತು.

ಸತಿಪತಿಗಳು ಮಾಡಬೇಕಾದುದು

1. ಹೇಳತೊಡಗಿದಾಗ ನಡುವೆ ಬಾಯಿ ಹಾಕದೆ ಆಲಿಸಿರಿ. ಹೇಳೆಂದು ಬಲವಂತ ಮಾಡಬೇಡಿರಿ, ಹಂಗಿಸಬೇಡಿರಿ.
2. ಊಟ, ನಿದ್ರೆಗಳಿಗೆ ನಿಯತ ವೇಳೆಯಿರಲಿ. ತೋಟ, ಕೊಟ್ಟಿಗೆಯ ಸಣ್ಣ ಕೆಲಸವೊಂದನ್ನು ಜೊತೆಯಾಗಿ ಮಾಡಿರಿ.
3. ಅಂಜಿಕೆ ಹೆಚ್ಚಿದಾಗ ಪಕ್ಕದಲ್ಲಿ ಕುಳಿತು, ನಿಧಾನವಾಗಿ ಉಸಿರು ಬಿಡುವಂತೆ ತಿಳಿಸಿರಿ.
4. ನಿದ್ರೆಗಾಗಿ ಮದ್ಯ ಸೇವಿಸಬಾರದು. ಅದರಿಂದ ನಿದ್ರೆ ಇನ್ನಷ್ಟು ಕೆಡುತ್ತದೆ.
5. ಸಾಯುವ ಮಾತನ್ನು ಎಂದಿಗೂ ಅಲಕ್ಷಿಸಬಾರದು. ಅಂಥವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೀಟನಾಶಕ, ಕೋವಿಗಳನ್ನು ಅವರ ಕೈಗೆ ಸಿಗದಂತೆ ಬೀಗ ಹಾಕಿಡಿರಿ.
6. ಗುಣ ಕಂಡಿತೆಂದು ವೈದ್ಯರನ್ನು ಕೇಳದೆ ಔಷಧಿಯನ್ನು ನಿಲ್ಲಿಸಬೇಡಿರಿ.

ಚಿಕಿತ್ಸೆ ಎಲ್ಲಿ?

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿರಿ. ಅಲ್ಲಿಂದ ಸೊರಬದ ತಾಲ್ಲೂಕು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸಬಹುದು. ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಲ್ಲಿ ಆರಂಭವಾದ ಪ್ರತ್ಯೇಕ ಆರೋಗ್ಯ ಯೋಜನೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯ ವಿಷಯವನ್ನು ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ರೋಗಿಗಿರುವ ಹಕ್ಕು. ಆದುದರಿಂದ ನಾಲ್ಕು ಜನ ಏನೆನ್ನುವರೋ ಎಂದು ತಡಮಾಡಬೇಡಿರಿ.

ಚರ್ಚೆಗೆ ಪ್ರಶ್ನೆಗಳು

1. "ಮರೆತುಬಿಡು" ಎಂಬ ಮಾತಿನಿಂದ ಬೇನೆ ಏಕೆ ಕಡಿಮೆಯಾಗುವುದಿಲ್ಲ?
2. ನಿಮ್ಮ ಮನೆಯಲ್ಲಿ ಕೀಟನಾಶಕವನ್ನು ಎಲ್ಲಿ ಇಡುತ್ತೀರಿ? ಅದಕ್ಕೆ ಬೀಗವಿದೆಯೆ?