ಸಾಹೇಬರನ್ನು ಕಟಕಟೆಗೆ ಹತ್ತಿಸುವ ಮುನ್ನ

ತಮ್ಮಾ, ನಿನ್ನ ಕರಿ ಕೋಟು ಇನ್ನೂ ಹೊಸದು. ಕೈಗೆ ಬಂದ ಮೊದಲ ದಾವೆಯೇ ಸೋದರಮಾವನ ಹೊಲದ್ದು. ಮೊನ್ನೆ ಉಜ್ಜಿನಿಯಲ್ಲಿ ಕಟ್ಟೆ ಮೇಲೆ ಕೂತು ನಾಲ್ಕು ಜನರ ಮುಂದೆ ನೀನು ಆಡಿದ ಮಾತು ನನ್ನ ಕಿವಿಗೂ ಬಿತ್ತು: "ಡಿ.ಸಿ.ಯನ್ನೇ ಕೂಡ್ಲಿಗಿ ಕೋರ್ಟಿಗೆ ಎಳೀತೀನಿ, ಪಾಟೀಸವಾಲಲ್ಲಿ ಬೆವರಿಳಿಸ್ತೀನಿ." ಕೇಳಿದವರು ಖುಷಿಪಟ್ಟರಂತೆ. ನಿನ್ನ ವಯಸ್ಸಲ್ಲಿ ನಾನೂ ಹೀಗೇ ಅಂದವನು.

ನನ್ನದು ಹರಪನಹಳ್ಳಿ ಕಡೆಯ ಹದ್ದುಬಸ್ತಿನ ವ್ಯಾಜ್ಯ. 1997ರಲ್ಲಿ ಆ ತಾಲ್ಲೂಕು ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿದ ಹೊಸತು. ಆದೇಶಕ್ಕೆ ಸಹಿ ಹಾಕಿದ ದೊಡ್ಡ ಅಧಿಕಾರಿಗೆ ಸಮನ್ಸು ಬೇಕೆಂದು ಅರ್ಜಿ ಹಾಕಿದೆ. ನ್ಯಾಯಾಧೀಶರು ಕೇಳಿದ್ದು ಒಂದೇ ಪ್ರಶ್ನೆ: "ಕಾಗದ ಹೇಳದೇ ಇರೋದನ್ನ ಅವರು ಏನು ಹೇಳ್ತಾರೆ?" ನಾನು ತಲೆ ಕೆರೆದುಕೊಂಡೆ. ಸಹಿ ಹಾಕಿದವರು ಎಂದೋ ವರ್ಗವಾಗಿದ್ದರು, ಕಡತ ಬೇರೆ ಜಿಲ್ಲೆ ಸೇರಿತ್ತು. ಅರ್ಜಿ ವಜಾ. ನಾಲ್ಕು ವಾಯಿದೆ, ಕಕ್ಷಿದಾರನ ಬಸ್‌ಚಾರ್ಜು, ಎಲ್ಲ ನೀರಲ್ಲಿ ಹೋಮ. ನಿನ್ನ ಮಾವನ ಹೊಲದ ಮೇಲಿನ ಆದೇಶವೂ 2021ಕ್ಕೆ ಮುಂಚಿನದು, ಅಂದರೆ ವಿಜಯನಗರ ಜಿಲ್ಲೆ ಹುಟ್ಟುವ ಮೊದಲಿನದು. ಹೊಸಪೇಟೆಯ ಡಿ.ಸಿ.ಯನ್ನು ಕರೆಸಿ ಬಳ್ಳಾರಿಯ ಸಹಿ ಬಗ್ಗೆ ಏನು ಕೇಳುತ್ತೀ?

ಕಾನೂನು ದೊಡ್ಡವರನ್ನೆಲ್ಲ ಕೈಬಿಟ್ಟಿದೆ ಅಂತಲೂ ತಿಳಿಯಬೇಡ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿ.ಪಿ.ಸಿ.ಯ 133ನೇ ಕಲಂ ತೆಗೆದು ನೋಡು. ಖುದ್ದು ಹಾಜರಿಯಿಂದ ವಿನಾಯಿತಿ ಇರುವವರ ಪಟ್ಟಿ ಅಲ್ಲಿದೆ: ರಾಷ್ಟ್ರಪತಿ, ರಾಜ್ಯಪಾಲರು, ಕೇಂದ್ರ ಮತ್ತು ರಾಜ್ಯದ ಮಂತ್ರಿಗಳು, ಸಭಾಧ್ಯಕ್ಷರು, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ನ್ಯಾಯಮೂರ್ತಿಗಳು, ಹೀಗೆ. ಡಿ.ಸಿ. ಅದರಲ್ಲಿಲ್ಲ. ಮುಖ್ಯ ಕಾರ್ಯದರ್ಶಿ ಇಲ್ಲ. ಊರ ತುಂಬ ಬ್ಯಾನರ್ ಕಟ್ಟಿಸಿಕೊಳ್ಳುವ ಶಾಸಕರೂ ಇಲ್ಲ! ಪಟ್ಟಿಯಲ್ಲಿದ್ದವರಿಗೂ ತಪ್ಪುವುದು ಕೋರ್ಟಿನ ಮೆಟ್ಟಿಲು ಮಾತ್ರ, ಸಾಕ್ಷಿ ಹೇಳುವುದಲ್ಲ. ಕಮಿಷನರನ್ನು ನೇಮಿಸಿ ಅವರಿದ್ದಲ್ಲೇ ಹೇಳಿಕೆ ಬರೆದುಕೊಳ್ಳಬಹುದು. ಸಾಕ್ಷ್ಯ ಬೇಕೆಂದವರು ಖರ್ಚು ಹೊರದಿದ್ದರೆ ವಿನಾಯಿತಿ ಕೇಳಿದವರೇ ಹೊರಬೇಕು. ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ, ರಾಷ್ಟ್ರಪತಿಯಾಗಿದ್ದಾಗಲೇ 1970ರಲ್ಲಿ ತಮ್ಮ ಚುನಾವಣೆಯ ತಕರಾರಿನಲ್ಲಿ ಸುಪ್ರೀಂ ಕೋರ್ಟಿಗೆ ತಾವೇ ಬಂದು ಸಾಕ್ಷಿ ನುಡಿದರು. ಬರಲೇಬೇಕೆಂಬ ಕಟ್ಟಿರಲಿಲ್ಲ.

ಡಿ.ಸಿ.ಗೆ ಇರುವ ರಕ್ಷಣೆ ಬೇರೆ ತರದ್ದು. ಹುದ್ದೆಯ ಕೆಲಸಕ್ಕಾಗಿ ಅವರ ಮೇಲೇ ದಾವೆ ಹೂಡಿದ್ದರೆ 81ನೇ ಕಲಂ ಬರುತ್ತದೆ. ಕೆಲಸ ಬಿಟ್ಟು ಬಂದರೆ ಸಾರ್ವಜನಿಕ ಸೇವೆಗೆ ಧಕ್ಕೆ ಎಂದು ಕೋರ್ಟಿಗೆ ಮನವರಿಕೆಯಾದರೆ ಹಾಜರಿ ಮಾಫಿ. ಬರೀ ಸಾಕ್ಷಿಯಾಗಿದ್ದರೆ ಸಿ.ಪಿ.ಸಿ.ಯ 26ನೇ ಆದೇಶದ 4ನೇ ನಿಯಮದಡಿ ಕಮಿಷನ್. "ಮನವರಿಕೆಯಾದರೆ" ಅನ್ನುವ ಪದಕ್ಕೆ ಗೆರೆ ಹಾಕಿಕೋ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಸರ್ಕಾರಿ ವಕೀಲರು ಬಾಯಲ್ಲಿ ಹೇಳಿ ವಾಯಿದೆ ತಗೊಳ್ಳೋದನ್ನ ನಾನು ಲೆಕ್ಕವಿಲ್ಲದಷ್ಟು ಸಲ ಕಂಡಿದ್ದೇನೆ. ಹಾಗಂದಾಗ ಪ್ರಮಾಣಪತ್ರ ಕೇಳು, ಕಮಿಷನ್ ಕೇಳು, ಕೂಗಾಡಬೇಡ. 2024ರ ಜನವರಿ 3ರಂದು ಸುಪ್ರೀಂ ಕೋರ್ಟು ಅಧಿಕಾರಿಗಳನ್ನು ಕರೆಸುವುದಕ್ಕೆ ಒಂದು ಪದ್ಧತಿಯನ್ನೇ ಬರೆದುಕೊಟ್ಟಿದೆ. ಬೇಕೇ ಬೇಕಾದರೆ ಮೊದಲು ವಿಡಿಯೋ ಮೂಲಕ, ಉಡುಪಿನ ಮೇಲೆ ಟೀಕೆ ಸಲ್ಲದು, ಕಲಾಪ ಮುಗಿಯುವವರೆಗೂ ನಿಲ್ಲಿಸಬಾರದು. ಆದರೆ ಸಾಕ್ಷ್ಯವೇ ಬೇಕಾದ ಪ್ರಕರಣದಲ್ಲಿ ಖುದ್ದು ಕರೆಸುವ ದಾರಿಯನ್ನು ಅದೂ ಮುಚ್ಚಿಲ್ಲ.

"ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು" ಅಂತ ನಮ್ಮಲ್ಲಿ ಮಾತಿದೆಯಲ್ಲ, ಕಡತವನ್ನು ಉಜ್ಜಿನಿ ಗುಡಿಯ ಹಾಗೆ ಒಳಹೊಕ್ಕು ನೋಡು. ಅಧಿಕಾರಿಯ ತಲೆಯನ್ನು ಮಾತ್ರ ಹೊರಗಿನಿಂದ ನೋಡಿದರೆ ಸಾಕು. ಅಮೆರಿಕದಲ್ಲಿ ಕೃಷಿ ಮಂತ್ರಿಯೊಬ್ಬರನ್ನು, ಈ ತೀರ್ಮಾನಕ್ಕೆ ಹೇಗೆ ಬಂದಿರಿ, ಏನೇನು ಓದಿದಿರಿ ಎಂದು ವಕೀಲರು ಕೆದಕಿ ಕೇಳಿದ್ದರು. ಹಾಗೆ ಕೇಳಬಾರದಿತ್ತು ಎಂದು ಅಲ್ಲಿನ ಸುಪ್ರೀಂ ಕೋರ್ಟು 1941ರಲ್ಲೇ, ಮಾರ್ಗನ್ ಪ್ರಕರಣದಲ್ಲಿ ಹೇಳಿತು. ಅಲ್ಲಿ ವಿಚಾರಣೆಗೆ ಮುಂಚೆಯೇ ವಕೀಲರು ಸಾಕ್ಷಿಯನ್ನು ಕೂರಿಸಿಕೊಂಡು ಗಂಟೆಗಟ್ಟಲೆ ಹೇಳಿಕೆ ಪಡೆಯುತ್ತಾರೆ, ಹಾಗಾಗಿ ಈ ಕಡಿವಾಣ ಅವರಿಗೆ ಇನ್ನೂ ಹೆಚ್ಚು ಬೇಕಾಯಿತು.

ಉಜ್ಜಿನಿ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವವರು ತುದಿಯಲ್ಲಿರುತ್ತಾರೆ. ಎಣ್ಣೆ ಬರುವುದು ಮಾತ್ರ ಜರಿಮಲೆ ಊರಿನಿಂದ. ನಿನ್ನ ಆದೇಶವೂ ಹಾಗೇ ಹತ್ತಿದ್ದು. ಸರ್ವೇಯರ್ ನಕ್ಷೆ ಬರೆದ, ವಿಷಯ ನಿರ್ವಾಹಕ ಟಿಪ್ಪಣಿ ಹಾಕಿದ, ಶಿರಸ್ತೇದಾರರು ತಿದ್ದಿದರು, ತಹಶೀಲ್ದಾರರು ಮೇಲೆ ಕಳಿಸಿದರು. ತಪ್ಪಾಗಿರೋದು ಹೊಲದಲ್ಲಿ ಸರಪಳಿ ಎಳೆದ ಜಾಗದಲ್ಲಿ ಅಂತ ನೀನೇ ಹೇಳುತ್ತೀ. ಹಾಗಾದರೆ ಆ ಸರ್ವೇಯರನನ್ನೇ ಕರೆಸು. ಮಾಹಿತಿ ಹಕ್ಕಿನಲ್ಲಿ ಟಿಪ್ಪಣಿ ಹಾಳೆಗಳನ್ನು ಕೇಳು, 30 ದಿನದಲ್ಲಿ ಉತ್ತರಿಸಬೇಕು. ದೃಢೀಕೃತ ನಕಲು ತೆಗೆಸು, ಸಾರ್ವಜನಿಕ ದಾಖಲೆಗೆ ಅದೇ ಸಾಕ್ಷ್ಯ. ಸರ್ಕಾರ ಪ್ರತಿವಾದಿಯಾಗಿದೆಯಲ್ಲ, ಕೋರ್ಟಿನ ಅನುಮತಿ ಪಡೆದು ಲಿಖಿತ ಪ್ರಶ್ನೆಗಳನ್ನು ಕೊಡು, ಪ್ರಮಾಣಪತ್ರದ ಮೇಲೆ ಉತ್ತರ ಬರುತ್ತದೆ.

ಇಷ್ಟೆಲ್ಲ ಆದಮೇಲೂ ಸಾಹೇಬರಿಗೆ ಮಾತ್ರ ಗೊತ್ತಿರುವ ಸಂಗತಿ ಉಳಿದರೆ ಬಿಡಬೇಡ. ಅವರೇ ಸ್ಥಳಕ್ಕೆ ಬಂದು ನಿನ್ನ ಮಾವನಿಗೆ ಭರವಸೆ ಕೊಟ್ಟಿದ್ದರು ಅನ್ನು, ಆಗ ಅವರು ಕಣ್ಣಾರೆ ಕಂಡ ಸಾಕ್ಷಿ, ಅವರ ಕುರ್ಚಿ ಅಡ್ಡ ಬರುವುದಿಲ್ಲ. ಇದನ್ನು ಅರ್ಜಿಯಲ್ಲಿ ಎರಡೇ ಸಾಲಿನಲ್ಲಿ ಬರೆ. ಸಮನ್ಸು ಏತಕ್ಕೆಂದು ಹೇಳಲೇಬೇಕು.

ವಿವಾದಾಂಶ ರಚನೆಯಾಗಿ ಆರು ದಿನವಾಯಿತು, ಸಾಕ್ಷಿ ಪಟ್ಟಿ ಕೊಡಲು ಇರುವುದು ಒಟ್ಟು 15 ದಿನ. ನಾಳೆ ಬೆಳಿಗ್ಗೆ ಕೊಟ್ಟೂರು ಬಸ್ಸಿಗೆ ಬಾ, ಮಾವನನ್ನೂ ಕರೆದುಕೊಂಡು. ಪಹಣಿ, ಹಳೇ ನಕ್ಷೆ, ಎರಡೂ ಇರಲಿ. ಸರ್ವೇಯರನ ಹೆಸರು ಮೊದಲು ಬರೆಯೋಣ.